ಹಲಸಿನ ಹಣ್ಣಿನ ವಿಚಾರಣೆ

ಮರದಲ್ಲಿದ್ದ ಒಂದೇ ಒಂದು ಹಲಸಿನ ಹಣ್ಣು ಭಾನುವಾರ ಬೆಳಗಾಗುವಷ್ಟರಲ್ಲಿ ಕಾಣೆಯಾಗಿತ್ತು.

ಅಮೃತಹಳ್ಳಿಯ ಆ ಕಟ್ಟಡದ ಮಾಲೀಕ ಚಿಕ್ಕಹನುಮಯ್ಯನವರಿಗೆ ಅದು ಬರೀ ಹಣ್ಣಲ್ಲ. ಹೊಲವೆಲ್ಲ ಹೋಗಿ ಮನೆಗಳೆದ್ದ ಮೇಲೆ ಉಳಿದುಕೊಂಡಿದ್ದು ಆ ಮರವೊಂದೇ. ಈ ಸಲ ಅದರ ಎತ್ತರದ ಕೊಂಬೆಯೊಂದು ಕಾಯಿ ಬಿಟ್ಟಾಗಿನಿಂದ ಅವರು ದಿನವೂ ಮದುವೆಗೆ ಬಂದ ಮಗಳನ್ನು ನೋಡಿದಂತೆ ಅದನ್ನು ಕತ್ತೆತ್ತಿ ನೋಡುತ್ತಿದ್ದರು. ಬಾಡಿಗೆಯವರು ಯಾರೂ ಮುಟ್ಟಕೂಡದೆಂದು ತಾಕೀತು ಮಾಡಿದ್ದರು.

ಅನುಮಾನ ನೇರವಾಗಿ ಹೋಗಿದ್ದು ಮೇಲಿನ ಮಹಡಿಯ ಎಲೀಷ ಮೇಷ್ಟರ ಮೇಲೆ. ಕಾನೂನು ಕಾಲೇಜಿನಲ್ಲಿ ನ್ಯಾಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಮದುವೆಯಾದವರಲ್ಲ. ಈ ಮನೆಗೆ ಬಂದಮೇಲೆ ಅವರ ಹೊಸ್ತಿಲು ದಾಟಿದ ಎರಡನೆಯ ಜೊತೆ ಚಪ್ಪಲಿಯೇ ಇರಲಿಲ್ಲ. ಹಾಗಾಗಿ ಹಣ್ಣು ನೋಡಲು ಬಂದವರಾದರೂ ಒಂದು ಮಾತಾಡಿಯಾರೆಂದು ಅವರು ಸಂಜೆಯ ಹೊತ್ತು ಮರದಡಿ ನಿಂತಿರುತ್ತಿದ್ದರು. ಹಣ್ಣಿನ ಮೇಲೆ ಕಣ್ಣಿಟ್ಟಿದ್ದಾರೆಂದೇ ಎಲ್ಲರೂ ತಿಳಿದಿದ್ದರು.

ಚರ್ಚಿನಿಂದ ಬಂದ ಮೇಷ್ಟರನ್ನು ಚಿಕ್ಕಹನುಮಯ್ಯ ಗೇಟಿನಲ್ಲೇ ತಡೆದು, ಮನೆ ಖಾಲಿ ಮಾಡಿ ಎಂದರು. ಕಾರಣ ತಿಳಿದಾಗ ಮೇಷ್ಟರಿಗೆ ಹಳೆಯ ಕ್ಲಾಸಿನ ಹುರುಪು ಬಂತು.

"ಕೇಳದೆ ಶಿಕ್ಷೆ ಕೊಡೋ ಹಾಗಿಲ್ಲ ಯಜಮಾನ್ರೇ. ಏದೆನ್ ತೋಟದಲ್ಲೂ ಕಳುವಾಗಿದ್ದು ಹಣ್ಣೇ. ದೇವರಿಗೆ ಎಲ್ಲಾ ಗೊತ್ತಿತ್ತು, ಆದ್ರೂ ಆದಾಮನನ್ನ ಕರೆದು ವಿಚಾರಿಸಿದ. ಆರೋಪಿ ಮಾತು ಕೇಳ್ಬೇಕು ಅನ್ನೋದಕ್ಕೆ ಹಿಂದಿನ ಜಡ್ಜುಗಳು ಇದನ್ನೇ ಉದಾಹರಣೆ ಕೊಡ್ತಿದ್ರು."

ಚಿಕ್ಕಹನುಮಯ್ಯ ಗೇಟು ಹಿಡಿದುಕೊಂಡೇ ಕೇಳಿದರು: "ಇಚಾರಿಸಿದ್ಮೇಲೆ ಏನ್ ಮಾಡ್ದ?"

"ತೋಟದಿಂದ ಆಚೆ ಹಾಕಿದ."

"ಸರಿ ಬುಡಿ. ನಾನೂ ಇಚಾರ್ಸಿಯೇ ಆಚೆ ಆಕ್ತೀನಿ."

ಆರ್.ಟಿ. ನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ನೂರುಲ್ಲಾ ಕೆಳಗಿನ ಮನೆಯವನು. ಕಟ್ಟಡದ ಜಗಳಗಳನ್ನೆಲ್ಲ ಬಗೆಹರಿಸುವುದು ಅವನ ಭಾನುವಾರದ ಕೆಲಸ. ಕೆಳಗೆ ಬಿಸಿಲಿರುವುದರಿಂದ ವಿಚಾರಣೆ ಮೇಷ್ಟರ ಮನೆಯಲ್ಲೇ ಆಗಲಿ ಎಂದ. ಜನ ಅವರವರ ಕುರ್ಚಿ ಹೊತ್ತು ಬಂದರು. ಎದುರಿನ ಕಟ್ಟಡದವರೂ ಬಂದರು. ಚಿಕ್ಕಹನುಮಯ್ಯನವರ ಹೆಂಡತಿ ವೆಂಕಟಲಕ್ಷ್ಮಮ್ಮ ಸೆರಗು ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತರು. ಮೇಷ್ಟರು ಸಂಭ್ರಮದಿಂದ ಕಾಫಿ ಮಾಡಿದರು. ಲೋಟಗಳು ಸಾಲದೆ ನೂರುಲ್ಲಾನಿಗೆ ಅಕ್ಕಿ ಅಳೆಯುವ ಪಾವಿನಲ್ಲಿ ಕೊಟ್ಟರು.

ವಾದ ಶುರುವಾಯಿತು. ಮೇಷ್ಟರು ಕಿತ್ತಿದ್ದನ್ನು ಕಂಡವರು ಯಾರೂ ಇರಲಿಲ್ಲ, ಇದ್ದದ್ದು ಬರೀ ಅನುಮಾನ. ಆಗ ಮೇಷ್ಟರು ಹಳೆಯ ಸಂಗತಿಯೊಂದನ್ನು ವಿವರಿಸಿದರು. ಹಿಂದಿನ ಕಾಲದ ಕ್ರೈಸ್ತ ನ್ಯಾಯಾಧೀಶರಿಗೆ ಒಂದು ಹೆದರಿಕೆಯಿತ್ತು. ನಿರಪರಾಧಿಯನ್ನು ಶಿಕ್ಷಿಸಿದರೆ ಆ ಪಾಪ ತಮ್ಮ ಆತ್ಮವನ್ನೇ ನರಕಕ್ಕೆ ಎಳೆದೀತು ಎಂದು. ಅನುಮಾನವಿದ್ದರೆ ಶಿಕ್ಷೆ ಕೊಡಬೇಡಿ, ಅದೇ ಕ್ಷೇಮ ಎಂದು ಧರ್ಮಪಂಡಿತರು ಬುದ್ಧಿ ಹೇಳಿದರು. ಇವತ್ತು ಕೋರ್ಟಿನಲ್ಲಿ ಅನುಮಾನದ ಲಾಭ ಸಿಗುವುದು ಆರೋಪಿಗೆ. ಮೊದಲು ಅದು ಸಿಕ್ಕಿದ್ದು ಜಡ್ಜಿನ ಆತ್ಮಕ್ಕೆ ಅನ್ನುವ ವಿದ್ವಾಂಸರಿದ್ದಾರೆ ಎಂದರು.

ಚಿಕ್ಕಹನುಮಯ್ಯನವರ ಮುಖ ಹುಣಸೆಹಣ್ಣಿನಂತಾಯಿತು. ಈ ವಯಸ್ಸಿನಲ್ಲಿ ಒಂದು ಹಣ್ಣಿಗಾಗಿ ತನಗ್ಯಾಕೆ ನರಕ ಎಂದು ಗೊಣಗಿ, ಮೇಷ್ಟರನ್ನು ಬಿಟ್ಟುಬಿಟ್ಟಿದ್ದೇನೆ ಎಂದು ಸಾರಿದರು.

ಎಲ್ಲರೂ ಎದ್ದರು. ಕುರ್ಚಿಗಳು ಮಡಚಿಕೊಂಡವು. ಗೆದ್ದ ಮೇಷ್ಟರು ನಡುಮನೆಯಲ್ಲಿ ನಿಂತು ಮನೆ ಬರಿದಾಗುವುದನ್ನು ನೋಡಿದರು. ಮತ್ತೆ ಇವರೆಲ್ಲ ಇಲ್ಲಿಗೆ ಬರಲು ಕಾರಣವೇ ಇರಲಿಲ್ಲ. ಬುದ್ಧಿ ತಡೆಯುವ ಮೊದಲೇ ಬಾಯಿ ಹೇಳಿಬಿಟ್ಟಿತು:

"ಇರಿ, ಹೋಗ್ಬೇಡಿ. ನಾನೇ ಕಿತ್ತಿದ್ದು."

ಕುರ್ಚಿಗಳು ಮತ್ತೆ ಬಿಚ್ಚಿಕೊಂಡವು. ಹೇಗೆ ಹತ್ತಿದಿರಿ, ಯಾವುದರಲ್ಲಿ ಕೊಯ್ದಿರಿ, ಸಿಪ್ಪೆ ಎಲ್ಲಿ ಎಂದು ಪ್ರಶ್ನೆಗಳು ಬಂದವು. ಮೇಷ್ಟರು ಬಾಯಿಗೆ ಬಂದದ್ದು ಹೇಳಿದರು. ಒಂದೊಂದು ಸುಳ್ಳಿಗೂ ಒಬ್ಬೊಬ್ಬರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಷ್ಟು ಗಮನವಿಟ್ಟು ಅವರ ಕ್ಲಾಸಿನಲ್ಲೂ ಯಾರೂ ಕೂತಿರಲಿಲ್ಲ. ತಿಂಗಳ ಕೊನೆಗೆ ಮನೆ ಬಿಡಬೇಕೆಂಬ ತೀರ್ಪು ಬಂದಾಗಲೇ ಅವರಿಗೆ ಎಚ್ಚರವಾದದ್ದು. ಅಷ್ಟರಲ್ಲಿ ಕುರ್ಚಿಗಳು ಮೆಟ್ಟಿಲಿಳಿಯುತ್ತಿದ್ದವು.

ಮಧ್ಯಾಹ್ನ ವೆಂಕಟಲಕ್ಷ್ಮಮ್ಮ ಸೆರಗಿನೊಳಗೆ ಒಂದು ಪೊಟ್ಟಣ ಇಟ್ಟುಕೊಂಡು ಬಂದರು. ಬಾಳೆಲೆಯಲ್ಲಿ ಹಲಸಿನ ತೊಳೆಗಳಿದ್ದವು. ಹಣ್ಣು ಕೀಳಿಸಿದ್ದು ಅವರೇ. ಮಗಳು ರಮ್ಯ ತನಗಿಷ್ಟ ಬಂದವನನ್ನು ಕಟ್ಟಿಕೊಂಡು ಬಾಗಲೂರಿನಲ್ಲಿದ್ದಳು, ಈಗ ಬಸುರಿ, ಆ ಮರದ ಹಣ್ಣಿಗೇ ಆಸೆಪಟ್ಟಿದ್ದಳು; ಅವಳಿಗೆ ಕಳಿಸಿ ಉಳಿದ ತೊಳೆಗಳಿವು. ಅವಳ ಹೆಸರೆತ್ತಿದರೆ ಚಿಕ್ಕಹನುಮಯ್ಯ ಊಟ ಬಿಟ್ಟು ಏಳುತ್ತಿದ್ದರು.

"ನನ್ ತಪ್ಪು ನೀವ್ ಒತ್ಕೊಂಡ್ರಿ ಸಾಮಿ. ನಿಮ್ ಏಸಪ್ಪನೂ ಇಂಗೇ ಅಲ್ವಾ ಮಾಡಿದ್ದು?"

ಒಬ್ಬನ ಅಪರಾಧಕ್ಕೆ ಇನ್ನೊಬ್ಬನನ್ನು ಶಿಕ್ಷಿಸಲು ಕಾನೂನು ಒಪ್ಪುವುದಿಲ್ಲ ಎಂದು ಮೇಷ್ಟರು ಎಷ್ಟೋ ವರ್ಷ ಪಾಠ ಮಾಡಿದ್ದರು. ಭಾನುವಾರದ ಪ್ರಾರ್ಥನೆಯಲ್ಲಿ ಮಾತ್ರ ಅಂಥದೇ ಒಂದು ಶಿಕ್ಷೆಗೆ ಕೃತಜ್ಞರಾಗಿ ಮೊಣಕಾಲೂರುತ್ತಿದ್ದರು. ತಾನು ಒಪ್ಪಿಕೊಂಡದ್ದು ಪ್ರೀತಿಯಿಂದಲ್ಲ, ನೀವೆಲ್ಲ ಎದ್ದು ಹೋಗುತ್ತೀರೆಂಬ ಭಯದಿಂದ ಎಂದು ಹೇಳಬೇಕೆನಿಸಿತು. ನಾಚಿಕೆ ಬಿಡಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟರು. ಆಕೆ ಕೂರಲಿಲ್ಲ, ಯಾರಾದರೂ ಕಂಡಾರೆಂದು ಬೇಗ ಇಳಿದು ಹೋದರು.

ಮೇಷ್ಟರು ತೊಳೆಗಳನ್ನು ತಟ್ಟೆಗೆ ಹಾಕಿಕೊಂಡು ಒಬ್ಬರೇ ತಿನ್ನತೊಡಗಿದರು.

ಅಷ್ಟು ಹೊತ್ತಿಗೆ ಕೆಳಗೆ ನೂರುಲ್ಲಾ, ಕಂಬಿ ಹಿಡಿಯದೆ ಮೆಟ್ಟಿಲು ಹತ್ತಲಾಗದ ಮನುಷ್ಯ ಮರ ಹತ್ತುವುದುಂಟೆ ಎಂದು ಚಿಕ್ಕಹನುಮಯ್ಯನವರ ಕಿವಿಗೆ ಹಾಕಿದ್ದ. ಒಳ್ಳೆಯವರೊಬ್ಬರು ಯಾರನ್ನೋ ಉಳಿಸಲು ಸುಳ್ಳು ಹೇಳಿದ್ದಾರೆ ಎಂದು ವಾದಿಸಿ ಗೆದ್ದಿದ್ದ. ಮನೆ ಬಿಡುವುದು ಬೇಡ ಎಂದು ಹೇಳಲು ಇಬ್ಬರೂ ಮೇಲೆ ಬಂದು ಬಾಗಿಲು ತಟ್ಟಿದರು.

ಮಾತಿಗೆ ಜನ ಬಂದರೆಂಬ ಖುಷಿಯಲ್ಲಿ ಮೇಷ್ಟರು ಹಿಂದೆಮುಂದೆ ನೋಡದೆ ಬಾಗಿಲು ತೆರೆದರು. ಅವರಿಗಿಂತ ಮೊದಲು ಘಮ ಹೊರಗೆ ಬಂತು.

ನೂರುಲ್ಲಾ ಮೇಜಿನ ಮೇಲಿನ ತಟ್ಟೆ ನೋಡಿ ತಲೆ ತಗ್ಗಿಸಿದ. "ನಿಮ್ ಪರವಾಗಿ ಇಷ್ಟೊತ್ತು ಮಾತಾಡ್ದೆ ಸಾರ್," ಎಂದ, ಅಷ್ಟೇ.

ಮೇಷ್ಟರು ಬಾಯಿ ತೆರೆದರು. ಬಾಗಲೂರಿನ ಹುಡುಗಿ ನೆನಪಾದಳು. "ಕೂತ್ಕೊಳ್ಳಿ, ಕಾಫಿ ಮಾಡ್ತೀನಿ," ಎಂದರು.

ಯಾರೂ ಕೂರಲಿಲ್ಲ. ಚಿಕ್ಕಹನುಮಯ್ಯ ನಿಂತೇ ಒಂದು ತೊಳೆ ಎತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದರು.

"ಸಕ್ಕರೆ ಇದ್ದಂಗದೆ," ಎಂದರು. "ತಿಂಗಳ ಕೊನೇಗೆ ಬೀಗದ ಕೈ ಕೊಟ್ಬುಡಿ."

ಆಮೇಲೆ ತಟ್ಟೆಯನ್ನೂ ಎತ್ತಿಕೊಂಡು ಕೆಳಗಿಳಿದು ಹೋದರು.