ಮೂರನೇ ಮಹಡಿಯ ಸಾಂಗ್ರಿಯಾ

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಹೆನಾರೊಗೆ ಈ ಗತಿ ಬರುತ್ತಿರಲಿಲ್ಲ. ಕೆಟ್ಟ ಲಿಫ್ಟಿನ ವಿಷಯಕ್ಕೆ ಸೇರಿದ್ದ ನಿವಾಸಿಗಳ ಸಭೆಯಲ್ಲಿ ಮಾತು ಹೇಗೋ ಹೊರಳಿ ಆಗಸ್ಟ್ ಹದಿನೈದರ ಕನ್ಯಾಮಾತೆಯ ಹಬ್ಬಕ್ಕೆ ಬಂತು. ಅಂದು ಇಡೀ ಕಟ್ಟಡ ಅಂಗಳದಲ್ಲಿ ಒಟ್ಟಿಗೆ ಉಣ್ಣುತ್ತದೆ. ಊಟದ ಜೊತೆ ಕುಡಿಯುವ ಹಣ್ಣಿನ ವೈನು, ಸಾಂಗ್ರಿಯಾ, ಮಾಡುವುದು ವರ್ಷಕ್ಕೊಂದು ಮನೆಯ ಸರದಿ. ಹೋದ ವರ್ಷ ಮಾಡಿದ್ದ ಸಂಘದ ಅಧ್ಯಕ್ಷೆ ಕಾಸಿಲ್ದಾ, ಗೌರವಕ್ಕೆ ಎಲ್ಲರೂ ಕರೆಯುವಂತೆ ದೋನ್ಯಾ ಕಾಸಿಲ್ದಾ, ತಮ್ಮ ಅಜ್ಜಿಯ ಕೈಗುಣವನ್ನು ಕಾಲು ಗಂಟೆ ಕೊಂಡಾಡಿದ ಮೇಲೆ, ಹೆನಾರೊ ಪಕ್ಕದಲ್ಲಿದ್ದ ಹೆಂಡತಿಯ ಕಿವಿಯಲ್ಲಿ, "ಅದೇನು ಮಹಾ? ವೈನಿಗೆ ನಾಲ್ಕು ಹಣ್ಣು ಹೆಚ್ಚಿ ಹಾಕಿದ್ರೆ ಆಯ್ತಪ್ಪ" ಎಂದ.

ಸಭೆ ಸರಿಯಾಗಿ ಅದೇ ಗಳಿಗೆಯಲ್ಲಿ ಮೌನವಾಗಿತ್ತು.

"ಹಾಗಾದ್ರೆ ಈ ಸಲ ನೀವೇ ಹೆಚ್ಚಿ ಹಾಕ್ರೀ ಹೆನಾರೊ," ಎಂದರು ದೋನ್ಯಾ ಕಾಸಿಲ್ದಾ. ಅವರು ನಗುತ್ತಲೇ ಹೇಳಿದರು. ಆ ನಗು ಒಳ್ಳೆಯದಕ್ಕಲ್ಲ ಎಂದು ಹೆನಾರೊಗೆ ಗೊತ್ತಿತ್ತು.

ಆದರೂ ಅವನೊಳಗೆ ಸಣ್ಣದೊಂದು ಆಸೆ ಮೊಳೆಯಿತು. ಅಲ್ಬಾಸೇತೆ ಊರಿನ ಜಮೀನು ದಾಖಲೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಮುದ್ರೆ ಒತ್ತಿದ್ದ. 'ಎಷ್ಟು ಚೆನ್ನಾಗಿ ಒತ್ತಿದ್ದೀರಿ' ಎಂದು ಒಬ್ಬರೂ ಹೇಳಿರಲಿಲ್ಲ. ಒಂದು ದಿನವಾದರೂ ನಾಲ್ಕು ಜನ ಹೊಗಳಲಿ ಅನ್ನಿಸಿತು.

ಹಬ್ಬದ ಬೆಳಿಗ್ಗೆ ಆರಕ್ಕೇ ಎದ್ದು ಪೀಚ್ ಹಣ್ಣುಗಳನ್ನು ದಾಳದಂತೆ ಸಮನಾಗಿ ಹೆಚ್ಚಿದ. ಕಿತ್ತಳೆ ಹಿಂಡಿದ, ನಿಂಬೆ ಬಿಲ್ಲೆ ಮಾಡಿದ, ಸಕ್ಕರೆ ಕರಗಿಸಿದ. ದೊಡ್ಡ ಮಣ್ಣಿನ ಬಾನಿಗೆ ಕೆಂಪು ವೈನ್ ಸುರಿದು ಕದಡಿ ಒಂದು ಚಮಚ ಬಾಯಿಗಿಟ್ಟ. ಎಷ್ಟು ರುಚಿಯಾಗಿತ್ತೆಂದರೆ ಅವನಿಗೇ ನಂಬಿಕೆ ಬರಲಿಲ್ಲ. ಹೆಂಡತಿ ಮಿಲಾಗ್ರೋಸ್‌ಳನ್ನು ಕರೆದ.

"ಪರವಾಗಿಲ್ಲ ಕಣ್ರೀ," ಎಂದಳು ಅವಳು ತುಟಿ ಚಪ್ಪರಿಸಿ. "ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ನಿಮ್ಮ ಕೈಯಲ್ಲಿ ಏನೋ ಒಂದು ಸರಿಯಾಗಿ ಆಯ್ತು."

ಬಾನಿ ಫ್ರಿಜ್ಜಿನೊಳಗೆ ಹಿಡಿಸಲಿಲ್ಲ. ಮನೆಯೊಳಗೆ ಧಗೆ. ಬಾಗಿಲಾಚೆ ಮೆಟ್ಟಿಲ ಬಳಿ ಒಂದಿಷ್ಟು ತಂಪಿತ್ತು. ಅಲ್ಲಿ ಒದ್ದೆ ಗೋಣಿ ಹಾಸಿ ಬಾನಿ ಇಟ್ಟ. ಲಿಫ್ಟ್ ಕೆಟ್ಟಿದ್ದರಿಂದ ಇಡೀ ಕಟ್ಟಡ ಅದೇ ಮೆಟ್ಟಿಲು ಹತ್ತಿಳಿಯುತ್ತಿದೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಮೊದಲು ಬಂದವನು ನಾಲ್ಕನೇ ಮಹಡಿಯ ಅನ್ಸೆಲ್ಮೊ. ಮೂವತ್ತು ವರ್ಷ ಬಾರ್ ನಡೆಸಿ ನಿವೃತ್ತನಾದವನು.

"ಲೋ ಹೆನಾರೊ, ಇದೇನೋ ಇದು, ಚರ್ಚಿನಲ್ಲಿ ಕೊಡೋ ತೀರ್ಥದ ಥರ ಇದೆ! ಗಂಡಸರು ಕುಡೀಬೇಕೋ ಬೇಡ್ವೋ?" ಎಂದವನೇ ಮೇಲೆ ಹೋಗಿ ಬ್ರಾಂದಿ ತಂದು ಇಡೀ ಬಾಟ್ಲಿ ಬಗ್ಗಿಸಿದ.

ಆಮೇಲೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದ ದೋನ್ಯಾ ಪುರಿ. "ಈ ಬಿಸಿಲಲ್ಲಿ ಇಷ್ಟು ಹಣ್ಣು ತಿಂದ್ರೆ ಹೊಟ್ಟೆ ಏನಾಗ್ಬೇಕಪ್ಪಾ?" ಎನ್ನುತ್ತ ಒಂದು ಹಿಡಿ ಚಕ್ಕೆ, ಸೋಂಪಿನ ಕಷಾಯ, ಮತ್ತೆ ಹೆಸರು ಹೇಳದ ಒಂದು ಪುಡಿ ಹಾಕಿದಳು. ಹೆನಾರೊ "ಬೇಡಮ್ಮಾ, ಬೇಡಮ್ಮಾ" ಎನ್ನುವಷ್ಟರಲ್ಲಿ ಪುಡಿ ಕರಗಿಹೋಗಿತ್ತು.

ಕೊನೆಗೆ ಖುದ್ದು ಅಧ್ಯಕ್ಷೆ. ಒಂದು ಹನಿ ನೆಕ್ಕಿ, "ಸಕ್ಕರೆ ಜಾಸ್ತಿ, ನನಗೆ ಆಗಲ್ಲ" ಎಂದು ಒಂದು ಡಜನ್ ನಿಂಬೆ ಹಿಂಡಿಸಿ, ಎರಡು ಚೊಂಬು ನೀರು ಹೊಯ್ಯಿಸಿ ಹೋದರು.

ಹನ್ನೊಂದು ಗಂಟೆಗೆ ಹೆನಾರೊ ಮತ್ತೆ ರುಚಿ ನೋಡಿದ. ಕೆಮ್ಮಿನ ಔಷಧಿಗೆ ಬೆಂಕಿ ಹಚ್ಚಿ ಕೆರೆ ನೀರಲ್ಲಿ ಆರಿಸಿದ ಹಾಗಿತ್ತು. ಕಣ್ಣಲ್ಲಿ ನೀರು ಬಂತು. ಬ್ರಾಂದಿಗೋ ದುಃಖಕ್ಕೋ ಅವನಿಗೇ ತಿಳಿಯಲಿಲ್ಲ.

"ಅಳ್ತಾ ನಿಂತ್ರೆ ಆಗುತ್ತಾ? ಚೆಲ್ರೀ ಮೊದ್ಲು!" ಎಂದಳು ಮಿಲಾಗ್ರೋಸ್.

ಬಚ್ಚಲಿಗೆ ಸುರಿದ. ಅಷ್ಟು ಅಚ್ಚುಕಟ್ಟಾಗಿ ಹೆಚ್ಚಿದ್ದ ಪೀಚ್ ತುಂಡುಗಳು ಅಷ್ಟೇ ಅಚ್ಚುಕಟ್ಟಾಗಿ ಹೋಗಿ ಮೋರಿಯ ಬಾಯಿ ಮುಚ್ಚಿದವು. ಮೊಣಕಾಲೂರಿ ಕೈಯಿಂದ ಬಾಚಿದ. ಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಿದ್ದರಿಂದ ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಕಾರು ಓಡಿಸಿದ. ಅಲ್ಲಿ ರಟ್ಟಿನ ಡಬ್ಬಗಳಲ್ಲಿ ಸಿಗುವ ಸಿದ್ಧ ಸಾಂಗ್ರಿಯಾ ಇತ್ತು. ಮಾನ ಇದ್ದವರು ಅದನ್ನು ಮನೆಯೊಳಗೆ ತರುವುದಿಲ್ಲ ಎಂಬುದು ಊರಿನ ಮಾತು. ಹದಿನೆಂಟು ಡಬ್ಬ ಕೊಂಡು, ಹಾಸಿಗೆಯ ಬಟ್ಟೆಯಲ್ಲಿ ಮೂಟೆ ಕಟ್ಟಿ, ನಲವತ್ತು ಡಿಗ್ರಿ ಬಿಸಿಲಲ್ಲಿ ಮೂರು ಮಹಡಿ ಹತ್ತಿದ.

ದಾರಿಯಲ್ಲಿ ದೋನ್ಯಾ ಪುರಿ ಎದುರಾದಳು. "ಹಬ್ಬದ ದಿನ ಮೂಟೆ ಹೊತ್ಕೊಂಡು ಎಲ್ಲಿಗೆ?"

"ಬಟ್ಟೆ ಒಗೆಯೋಕೆ."

"ಮೇಲಕ್ಕಾ?"

"ಮೇಲೆ ನೀರು ಜೋರಾಗಿ ಬರುತ್ತೆ," ಎಂದು ಹೆನಾರೊ ಓಡಿದ.

ಎರಡು ಗಂಟೆಗೆ ಅಂಗಳದ ಚಪ್ಪರದಡಿ ಎಲ್ಲರೂ ಕೂತರು. ಬಾನಿಯಲ್ಲಿ ಮಂಜುಗಡ್ಡೆ, ಮೇಲೆ ಹೊಸದಾಗಿ ಹೆಚ್ಚಿದ ಪೀಚು. ಅನ್ಸೆಲ್ಮೊ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಮೇಜು ಕುಟ್ಟಿದ. "ಆಹಾ! ಇಂಥದ್ದು ಕುಡಿದೇ ಇರಲಿಲ್ಲ!"

ಹೆನಾರೊನ ಎದೆ ಉಬ್ಬಿತು. ಡಬ್ಬದ್ದಾದರೇನು, ಹೊಗಳಿಕೆ ಹೊಗಳಿಕೆಯೇ.

"ನನ್ನ ಬ್ರಾಂದಿ ಹೇಗೆ ಎದ್ದು ಕಾಣ್ತಿದೆ ನೋಡ್ರೋ," ಎಂದ ಅನ್ಸೆಲ್ಮೊ.

"ಬ್ರಾಂದಿಯಂತೆ! ಅದು ನನ್ನ ಚಕ್ಕೆಯ ಪರಿಮಳ," ಎಂದಳು ದೋನ್ಯಾ ಪುರಿ.

"ನಾನು ನಿಂಬೆ ಹಿಂಡಿಸದೇ ಇದ್ದಿದ್ರೆ ಇಷ್ಟೊತ್ತಿಗೆ ಬೀದಿ ನಾಯಿಗೆ ಹಾಕ್ಬೇಕಿತ್ತು," ಎಂದರು ಅಧ್ಯಕ್ಷೆ. "ಪಾಪ, ಹೆನಾರೊಗೆ ಏನ್ ಗೊತ್ತಾಗುತ್ತೆ!"

ನಾಲ್ಕು ಮಹಡಿಯ ನಗು ಒಟ್ಟಿಗೆ ಮೊಳಗಿತು. ಹೆನಾರೊ ಕುರ್ಚಿ ಒದ್ದು ಎದ್ದ.

"ನಿಮ್ಮ ಬ್ರಾಂದಿ, ಚಕ್ಕೆ, ನಿಂಬೆ ಎಲ್ಲಾ ಬೆಳಿಗ್ಗೇನೇ ಬಚ್ಚಲಿಗೆ ಹೋಯ್ತು! ನೀವು ಕುಡೀತಿರೋದು ಪೆಟ್ರೋಲ್ ಬಂಕಿನ ಡಬ್ಬದ್ದು!" ನಂಬದ ಮುಖಗಳನ್ನು ಕಂಡು ಮೇಲೆ ಓಡಿ, ಖಾಲಿ ಡಬ್ಬಗಳನ್ನು ತಂದು ಮೇಜಿನ ಮೇಲೆ ಸುರಿದ.

ಅನ್ಸೆಲ್ಮೊನ ಕಿವಿ ಕೆಂಪಾಯಿತು. ದೋನ್ಯಾ ಪುರಿ ಬೀಸಣಿಗೆ ಬಿಚ್ಚಿ ಮುಖ ಮುಚ್ಚಿಕೊಂಡಳು. ಅಧ್ಯಕ್ಷೆ ಎದ್ದು ನಿಂತರು.

"ಈ ಕಟ್ಟಡದಲ್ಲಿ ಇಂಥ ಅವಮಾನ ಯಾವತ್ತೂ ಆಗಿರಲಿಲ್ಲ. ಇನ್ಮುಂದೆ ಸಾಂಗ್ರಿಯಾ ಮಾಡೋರು ಅಂಗಳದಲ್ಲೇ, ಎಲ್ಲರ ಕಣ್ಣೆದುರಿಗೇ ಮಾಡಬೇಕು. ಒಪ್ಪಿಗೆಯಾ?"

ಕೈಗಳು ಮೇಲೆದ್ದವು. ತಡವಾಗಿ, ಮನಸ್ಸಿಲ್ಲದ ಮನಸ್ಸಿನಿಂದ.

ಹೆನಾರೊ ತಲೆ ತಗ್ಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಅನ್ಸೆಲ್ಮೊ ಹಿಂದಿನಿಂದ ಬಂದು ತೋಳು ಹಿಡಿದ.

"ಅಯ್ಯೋ ಮಂಕೇ, ಏನು ಮಾಡ್ಬಿಟ್ಟೆಯೋ! ನಾನು ಆರು ಸಲ ಮಾಡಿದೀನಿ. ಆರೂ ಸಲ ಅದೇ ಪೆಟ್ರೋಲ್ ಬಂಕು."

"ದೋನ್ಯಾ ಪುರಿ?"

"ಅವಳೂ ಅಲ್ಲಿಂದಲೇ."

"ಅಧ್ಯಕ್ಷೆಯ ಅಜ್ಜಿ?"

"ಆ ಅಜ್ಜಿ ಜನ್ಮದಲ್ಲಿ ವೈನ್ ಮುಟ್ಟಿದವಳಲ್ಲ! ಎಲ್ಲರಿಗೂ ಎಲ್ಲಾ ಗೊತ್ತು ಕಣೋ. ಬಾಯಿ ಬಿಡಬಾರದು, ಅಷ್ಟೇ ಇದ್ದದ್ದು. ಇನ್ನು ನಲವತ್ತು ಜನಕ್ಕೆ ಬಿಸಿಲಲ್ಲಿ ಕಿತ್ತಳೆ ಹಿಂಡೋರು ಯಾರು?"

ಅಷ್ಟರಲ್ಲಿ ದೋನ್ಯಾ ಕಾಸಿಲ್ದಾ ಏದುಸಿರು ಬಿಡುತ್ತ ಸಭೆಯ ಪುಸ್ತಕ ಹಿಡಿದು ಬಂದರು.

"ನೀವು ಎದ್ದು ಬಂದ ಮೇಲೆ ಇನ್ನೊಂದು ನಿರ್ಣಯ ಆಯ್ತು ಹೆನಾರೊ. ಇನ್ಮೇಲೆ ಸರದಿ ಗಿರದಿ ಇಲ್ಲ. ಪ್ರತಿ ವರ್ಷ ನೀವೇ. ಸರ್ವಾನುಮತ."

"ಸರ್ವಾನುಮತ ಹೇಗಾಗುತ್ತೆ? ನಾನು ಕೈ ಎತ್ತೇ ಇಲ್ವಲ್ಲಾ!"

"ನಿಮ್ಮ ಮನೆ ಕೈ ಎತ್ತಿತು," ಎಂದರು ಅಧ್ಯಕ್ಷೆ ಪೆನ್ನು ಮುಂದೆ ಚಾಚಿ. "ಮಿಲಾಗ್ರೋಸ್ ಎರಡೂ ಕೈ ಎತ್ತಿದ್ಲು."