ಬಿಸಿನೀರು ನೋಡಲು ಪಾಸ್‌ಪೋರ್ಟು

ಗೊತ್ತಿಲ್ಲದ ವಿಷಯದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಚಟ ನನಗೆ ಹತ್ತಿದ್ದು ಡೊಂಬಿವಲಿಗೆ ಬಂದ ಮೇಲೆ. ತಪ್ಪು ನನ್ನದಲ್ಲ, ಲೋಕಲ್ ಗಾಡಿಯದು. ಮುಂಬಯಿಯ ವಿಟಿ ಸ್ಟೇಷನ್ ಮುಟ್ಟಲು ಗಂಟೆಯ ಮೇಲೆ ಬೇಕು. ಗೊತ್ತಿದ್ದದ್ದೆಲ್ಲ ಹತ್ತಿರದ ದಿವಾ ಸ್ಟೇಷನ್ ದಾಟುವಷ್ಟರಲ್ಲೇ ಮುಗಿದುಹೋಗುತ್ತದೆ. ತುಂಬಿಕೊಂಡೇ ಬರುವ ಗಾಡಿಗೆ ಡೊಂಬಿವಲಿಯಲ್ಲಿ ಹತ್ತಿದವನಿಗೆ ಕೂತು ಹರಟುವ ಭಾಗ್ಯ ಎಲ್ಲಿಯದು ಎನ್ನಬೇಡಿ. ನನಗಿತ್ತು. ಬಿಜಾಪುರ ಕಡೆಯ ಬಿರಾದಾರರು, ಬಂದರಿನಲ್ಲಿ ಹಮಾಲರನ್ನು ದುಡಿಸುವ ಮುಕಾದಮರು, ಗಾಡಿ ಹೊರಡುವ ಕಲ್ಯಾಣದಲ್ಲೇ ಹತ್ತಿ ಪಕ್ಕದ ಸೀಟಿನ ಮೇಲೆ ಟವೆಲ್ಲು ಹಾಕಿ ನನಗಾಗಿ ಕಾಯುತ್ತಿದ್ದರು. ಉಡುಪಿ ಕಡೆಯ ಈ ಗುಮಾಸ್ತನ ಮೇಲೆ ಅವರಿಗೇಕೆ ಅಷ್ಟು ಪ್ರೀತಿಯೋ ದೇವರೇ ಬಲ್ಲ. ಪ್ರತಿಯಾಗಿ ನಾನು ಕೊಡುತ್ತಿದ್ದದ್ದು ಬರೀ ಮಾತು.

ಒಂದು ದಿನ ಸ್ಟೇಷನ್ ಪಕ್ಕದ ರದ್ದಿ ಅಂಗಡಿಯಲ್ಲಿ ಹಳೆಯ ಅಮೆರಿಕನ್ ಮ್ಯಾಗಜೀನೊಂದು ಸಿಕ್ಕಿತು. ಅದರಲ್ಲಿ ಯೆಲ್ಲೋಸ್ಟೋನ್ ಎಂಬ ರಾಷ್ಟ್ರೀಯ ಉದ್ಯಾನದ ಚಿತ್ರ. ನೆಲದೊಳಗಿಂದ ಕುದಿಯುವ ನೀರು ನಮ್ಮ ಸೊಸೈಟಿಯ ಕಟ್ಟಡಕ್ಕಿಂತ ಎತ್ತರಕ್ಕೆ ಚಿಮ್ಮುತ್ತಿದೆ, ಅದೂ ಹೆಚ್ಚುಕಮ್ಮಿ ಹೇಳಿದ ಹೊತ್ತಿಗೆ! ಗಾಡಿಯಲ್ಲಿ ತೋರಿಸಿದಾಗ ಬಿರಾದಾರರು ಕನ್ನಡಕ ಏರಿಸಿ ಕುರ್ಲಾ ಬರುವ ತನಕ ಅದನ್ನೇ ನೋಡಿದರು. ಆಮೇಲೆ ಪ್ರಶ್ನೆ ಶುರುವಾಯಿತು. ಒಳಗೆ ಬೆಂಕಿ ಹಚ್ಚಿದವರು ಯಾರು, ಮಳೆಗಾಲದಲ್ಲಿ ಆರುವುದಿಲ್ಲವೇ, ನೋಡುವವರು ಯಾರೂ ಇಲ್ಲದಾಗಲೂ ಚಿಮ್ಮುತ್ತದೆಯೇ. ನನಗೇನು ಗೊತ್ತು? ಆದರೆ ಟವೆಲ್ಲಿನ ಋಣವಿತ್ತಲ್ಲ, ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ ಬಾಯಿ ತಪ್ಪಿ, ಒಮ್ಮೆ ಹೋಗಿ ನೋಡಿಯೇ ಬರೋಣ ಎಂದುಬಿಟ್ಟೆ.

ಅಲ್ಲಿಂದ ಆರು ತಿಂಗಳು ನಮ್ಮದು ಇದೇ ಯೋಜನೆ. ಹಿಮ ಯಾವಾಗ ಕರಗುತ್ತದೆ, ಕರಡಿ ಬಂದರೆ ಏನು ಮಾಡುವುದು, ಸಜ್ಜೆ ರೊಟ್ಟಿ ಎಷ್ಟು ದಿನ ತಾಳುತ್ತದೆ. ನೀರು ಚಿಮ್ಮುವ ಹೊತ್ತಿಗೆ ಸರಿಯಾಗಿ ಮುಟ್ಟಲು ಒಂದು ಟೈಮ್‌ಟೇಬಲ್ಲನ್ನೂ ಬರೆದೆ. ವಿಮಾನದ ಟಿಕೆಟ್ಟಿನ ಮಾತನ್ನು ಮಾತ್ರ ಜಾಣತನದಿಂದ ಎತ್ತಲಿಲ್ಲ. ಅಲ್ಲೆಲ್ಲ ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆಯಂತೆ ಎಂದು ಮನೆಯಲ್ಲಿ ಹೆಂಡತಿಗೆ ವರ್ಣಿಸಿದರೆ, ಅದಕ್ಕೆ ಅಷ್ಟು ದೂರ ಯಾಕೆ, ಅಡುಗೆಮನೆ ಕಿಟಕಿ ತೆಗೆಯಿರಿ, ಕೆಮಿಕಲ್ ಫ್ಯಾಕ್ಟರಿಯವರು ಪುಕ್ಕಟೆ ಕೊಡುತ್ತಾರೆ ಎಂದಳು. ಪಾಪ, ಅವಳನ್ನು ನಾನಿನ್ನೂ ಹತ್ತಿರದ ಲೋನಾವಳ ಗಿರಿಧಾಮಕ್ಕೇ ಕರೆದುಕೊಂಡು ಹೋಗಿರಲಿಲ್ಲ.

ಅಷ್ಟರಲ್ಲಿ ಬಿರಾದಾರರು ರಿಟೈರಾದರು. ಕೊನೆಯ ದಿನ ಇಳಿಯುವಾಗ, "ಇನ್ನ ಅದೊಂದು ನೋಡೂದು ಉಳೀತ್ರಿ ಸರ್" ಎಂದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನ್ನ ಸಂಕಟವೆಲ್ಲ ಸೀಟು ಹೋಯಿತಲ್ಲಾ ಎಂಬುದೇ ಆಗಿತ್ತು. ಮೂರು ತಿಂಗಳು ಬಾಗಿಲಲ್ಲಿ ನೇತಾಡಿದೆ. ಒಂದು ಸೋಮವಾರ ಗಾಡಿ ಬಂದು ನಿಂತಾಗ ಅದೇ ಕಿಟಕಿಯಿಂದ ಅದೇ ಕೈ ಕರೆಯಿತು. ನುಗ್ಗಿ ಒಳಗೆ ಹೋದರೆ, ಪಕ್ಕದ ಸೀಟಿನ ಮೇಲೆ ಟವೆಲ್ಲಿಲ್ಲ. ಅವರ ಅಂಗೈ ಕೆಳಗೆ ಹೊಚ್ಚಹೊಸ ನೀಲಿ ಪಾಸ್‌ಪೋರ್ಟು. ಅದನ್ನು ತೋರಿಸಲೆಂದೇ ಬಂದಿದ್ದರು. ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸಪ್ಪ, ಈ ವಯಸ್ಸಿನಲ್ಲಿ ನಿಮಗಿದು ಯಾಕೆ ಎಂದು ಕೇಳಿದನಂತೆ.

"ಬಿಸಿನೀರ ನೋಡಾಕ ಹೊಂಟೀನಿ ಅಂತ ಹೇಳೀನ್ರಿ. ನಕ್ಕ, ಬರಕೊಂಡು ಹೋದ. ನಿಮ್ಮದು ಆತೇನ್ರಿ ಸರ್?"

ನನ್ನದು! ಫಾರಂ ಎಲ್ಲಿ ಸಿಗುತ್ತದೆಂಬುದೂ ನನಗೆ ಗೊತ್ತಿರಲಿಲ್ಲ. ಅರ್ಜಿ ಕೊಟ್ಟಿದ್ದೇನೆ, ಇನ್ನೇನು ಬರುತ್ತದೆ ಎಂದು ಸುಳ್ಳು ಹೇಳಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಸೀಟಿನಲ್ಲಿ ಕೂರಲು ಮನಸ್ಸು ಬರಲಿಲ್ಲ. ಬೆನ್ನುನೋವೆಂದು ನಿಂತೇ ಇದ್ದೆ. ಸೀಟು ಸಿಕ್ಕಿದ ಪುಣ್ಯಾತ್ಮ ಗಾಡಿ ಥಾಣೆ ಮುಟ್ಟುವ ಮೊದಲೇ ಗೊರಕೆ ಹೊಡೆಯುತ್ತಿದ್ದ. ಮರುದಿನವೇ ರಜೆ ಹಾಕಿ, ಕೇಳಿಕೊಂಡು ಹೋಗಿ ಫಾರಂ ತುಂಬಿ ಬಂದೆ. ಈಗ ಯಾರು ಬಾಗಿಲು ತಟ್ಟಿದರೂ ಪೊಲೀಸರೇ ಎಂದು ಮೊದಲು ಕಿಟಕಿಯಿಂದ ಇಣುಕುತ್ತೇನೆ. ಭೂಮಿಯೊಳಗಿನ ಬೆಂಕಿಯಿಂದ ಹಿಡಿದು ಕರಡಿಯ ತನಕ ಎಲ್ಲಕ್ಕೂ ಉತ್ತರ ಕೊಟ್ಟವನಿಗೆ, ಯಾಕೆ ಹೋಗುತ್ತೀರಿ ಎಂದು ಪೊಲೀಸರು ಕೇಳಿದರೆ ಹೇಳಲು ಬಿರಾದಾರರ ಉತ್ತರ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ. ನಿನ್ನೆ ಬೆಳಿಗ್ಗೆ ಹೆಂಡತಿಯ ಎದುರು ನಿಂತು, ಬಿಸಿನೀರು ನೋಡಲು ಹೋಗುತ್ತಿದ್ದೇನೆ ಎಂದು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆ. ಅವಳು ಒಲೆಯ ಕಡೆಯಿಂದ ತಿರುಗದೆ, ಬಚ್ಚಲಲ್ಲಿ ಬಕೆಟ್ ತುಂಬಿಟ್ಟಿದ್ದೇನೆ, ನೋಡುತ್ತ ನಿಲ್ಲಬೇಡಿ, ಗಾಡಿಗೆ ಹೊತ್ತಾಯಿತು ಎಂದಳು.