ಬಾಮೈದನ ಎಂಎಕ್ಸ್ ಪ್ಲಸ್ ಸಿ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ನೋಡಬೇಕು. ಬೇರೆ ಮೇಷ್ಟ್ರುಗಳು ಹೆಡ್‌ಮಾಸ್ಟರರನ್ನು ಕಂಡು ಕರುಬುತ್ತಾರೆ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಹೇಳಿದ ನಾನು ಕರುಬಿದ್ದು, ಅದೇ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ನನ್ನ ಬಾಮೈದ ನಾಗರಾಜನನ್ನು ಕಂಡು.

ಆ ವರ್ಷ ನನ್ನ ಹೆಂಡತಿ ರತ್ನ ಅಂಗನವಾಡಿ ಕೆಲಸದ ಆಸೆಗೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಳು. ಮನೆಯಲ್ಲೇ ಮೇಷ್ಟ್ರಿದ್ದಾರೆ ಅಂತ ಓಣಿಯವರೆಲ್ಲ ಅವಳ ಅದೃಷ್ಟ ಹೊಗಳಿದರು. ಸರಳರೇಖೆಯ ಪಾಠ ಬರುವವರೆಗೆ ಸಂಸಾರ ಚೆನ್ನಾಗಿಯೇ ಇತ್ತು. 2y − 4x = 6 ಅಂತ ಬರೆದು, "ಇದನ್ನ y = mx + c ರೂಪಕ್ಕೆ ತಾ. ಎಂ ಅಂದರೆ ಇಳಿಜಾರು, ಸಿ ಅಂದರೆ ಗೆರೆ ವೈ ಅಕ್ಷವನ್ನ ಕಡಿಯೋ ಜಾಗ, ಅಲ್ಲಿ ಎಕ್ಸ್ ಸೊನ್ನೆ" ಅಂದೆ. "ಎಕ್ಸೇ ಸೊನ್ನೆ ಅಂದ್ಮೇಲೆ ಈ ಸಿ ಎಲ್ಲಿಂದ ಬಂತ್ರೀ?" ಅಂದಳು. ಮೂರು ದಿನ ಹೇಳಿದೆ. ನಾಲ್ಕನೇ ದಿನ ಕೂಗಾಡಿದೆ. ಐದನೇ ದಿನ ಅವಳು ಪುಸ್ತಕ ಚೀಲಕ್ಕೆ ತುರುಕಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದಳು, ತವರಿಗೆ.

ಭಾನುವಾರ ಬಂದವಳು ಚೀಲ ಇಳಿಸುವ ಮುಂಚೆಯೇ, "ತಿಳೀತು ಕಣ್ರೀ! ನಾಗ ಮಗ್ಗದ ಮುಂದೆ ಕೂರಿಸ್ಕೊಂಡು ಹೇಳ್ಕೊಟ್ಟ" ಅಂದಳು. ರೇಷ್ಮೆ ಸೀರೆ ನೇಯುವ ನಾಗ ಹೇಳಿದ್ದು ಇಷ್ಟೇ: "ಅಕ್ಕಾ, ನಾಲ್ಕು ಎಕ್ಸನ್ನ ಆಚೆ ಕಳಿಸು. ಎರಡು ವೈ ಅಂದ್ರೆ ಎರಡು ಮಗ್ಗದ ಬಟ್ಟೆ ಲೆಕ್ಕ ಐತೆ, ಎರಡರಿಂದ ಭಾಗಿಸು. ಎಕ್ಸ್ ಅಂದ್ರೆ ದಿನ. ದಿನ ಸೊನ್ನೆ ಇದ್ದಾಗ್ಲೇ ಒಂದು ಮಗ್ಗದಾಗೆ ಮೂರು ಮೊಳ ನೇಯ್ದೈತೆ, ಅದು ಸಿ. ದಿನಕ್ಕೆ ಎರಡು ಮೊಳ ನೇಯ್ತೀನಿ, ಅದು ಎಂ." y = 2x + 3. ಕುಡಿಯುತ್ತಿದ್ದ ಕಾಫಿ ಕಹಿಯಾಯಿತು. "ಮಗ್ಗ ನಿಂತುಹೋದ್ರೆ?" ಅಂತ ಕೊಕ್ಕೆ ಹಾಕಿದೆ. "ಎಂ ಸೊನ್ನೆ. ಗೆರೆ ಅಡ್ಡ ಮಲಗುತ್ತೆ" ಅಂದಳು ರತ್ನ. "ನೇಯ್ದದ್ದನ್ನ ದಿನಾ ಬಿಚ್ಚಿದ್ರೆ?" "ಎಂ ಮೈನಸ್ಸು. ನಿಮಗೆ ಇದೂ ಗೊತ್ತಿಲ್ವಾ?"

ಸೋಮವಾರ ಹಟ ಹಿಡಿದು ಹತ್ತನೇ ಕ್ಲಾಸಿಗೆ ನನ್ನದೇ ಉದಾಹರಣೆ ಹೇಳಿದೆ, ಗೋಡೆಗೆ ಒರಗಿಸಿದ ಏಣಿಯದು. ಮಕ್ಕಳು ಕಿಟಕಿಯಾಚೆ ನೋಡಿದರು. ಬೇರೆ ದಾರಿ ಕಾಣದೆ ನಾನೂ ಸೀರೆ ನೇಯ್ದೆ. ಇಡೀ ಕ್ಲಾಸು ತಲೆಯಾಡಿಸಿತು. "ಎಷ್ಟ್ ಚೆನ್ನಾಗಿ ಹೇಳಿದ್ರಿ ಸಾರ್!" ನಾಗರಾಜನ ಹೆಸರು ಗಂಟಲವರೆಗೆ ಬಂತು, ನುಂಗಿಕೊಂಡೆ.

ರತ್ನ ಪಾಸಾದಳು. ಸುದ್ದಿ ಕೇಳಿ ಬಂದ ನಾಗರಾಜ ನೇರ ನನ್ನ ಕಾಲಿಗೇ ಬಿದ್ದ. "ಭಾವ, ನೀವಿದ್ದದ್ದಕ್ಕೆ ಅಕ್ಕ ದಡ ಹತ್ತಿದ್ಲು. ನನ್ನಂಥ ದಡ್ಡನಿಂದ ಏನಾಗ್ತಿತ್ತು?" ದನಿಯಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ. ನಾನೇನು ಹೇಳುತ್ತೇನೋ ಅಂತ ರತ್ನ ಬಾಗಿಲಲ್ಲಿ ಕಾದು ನಿಂತಿದ್ದಳು. "ಏಳಪ್ಪ, ಅದರಲ್ಲೇನೈತೆ, ನನ್ನ ಕರ್ತವ್ಯ" ಅಂದುಬಿಟ್ಟೆ. ಅಂದಮೇಲೆ ತಿಳಿಯಿತು: ಇಷ್ಟು ದಿನ ಅವನ ಬುದ್ಧಿ ಕಂಡು ಮಾತ್ರ ಹೊಟ್ಟೆ ಉರಿಯುತ್ತಿತ್ತು, ಈಗ ಅವನ ಗುಣ ಕಂಡೂ ಶುರುವಾಗಿದೆ.